ಒಂದು ದಿನ ತೆರೆದಿದ್ದ ದಾರಿ

ಗುಬ್ಬಿ

ಜೂನ್ ಇಪ್ಪತ್ತಾರು, ಗುರುವಾರ, ಬೆಳಿಗ್ಗೆ ಐದು ಗಂಟೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಗಿರಿಜಮ್ಮ, ಮತ್ತು ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಕುಣಿಗಲ್ಲಿನಿಂದ ಕಾರು ತಂದಿದ್ದ ಅನ್ವರ್ ಪಾಷಾ. ನಾನು ಸ್ಟೇಷನ್ ಮಾಸ್ಟರ್ ಆಗಿದ್ದ ಕಾಲದಲ್ಲಿ ಅನ್ವರ್ ನನ್ನ ಕೈಕೆಳಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಈಗ ತನ್ನ ಮಕ್ಕಳ ಟೈರ್ ಅಂಗಡಿ ನೋಡಿಕೊಳ್ಳುತ್ತಾನೆ. ಐದಕ್ಕೆ ಬಾ ಎಂದರೆ ಐದಕ್ಕೇ ಬರುವ ಮನುಷ್ಯ ನನ್ನ ಬಳಗದಲ್ಲಿ ಅವನೊಬ್ಬನೇ.

"ಎಲ್ಲಿಗೆ ಅಂದ್ರಿ ಮಾಸ್ಟ್ರೇ?"

"ರುವಾಂಡಾ. ಆಫ್ರಿಕಾದಲ್ಲಿದೆ."

"ಎಲ್ರೂ ದುಬೈಗೋ ಸಿಂಗಪೂರ್‌ಗೋ ಹೋಯ್ತಾರೆ. ನೀವು ಮಾತ್ರ ಯಾವಾಗ್ಲೂ ಬೇರೆ ಲೈನೇ ಹಿಡೀತೀರಿ."

ಹೋಗಬೇಕಾದ ಕಾರಣ ಸರಳ. ಗಿರಿಜಮ್ಮನ ತಮ್ಮನ ಮಗಳು ಸವಿತಾ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಒಬ್ಬಳೇ ಇರುವವಳು. ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಮೂರು ವಾರ ಅಡುಗೆಮನೆ ನಡೆಸಿಕೊಟ್ಟು ಬರುವುದು ನಮ್ಮ ಕೆಲಸ. ಅಡುಗೆ ಗಿರಿಜಮ್ಮನದು, ಉಳಿದದ್ದು ನನ್ನದು.

ನಾನು ಓದಿದ್ದು ತುಮಕೂರಿನ ಮಠವೊಂದರ ಉಚಿತ ವಿದ್ಯಾರ್ಥಿನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ತಟ್ಟೆ ಹಿಡಿದು ಸಾಲಿನಲ್ಲಿ ಕೂರಬೇಕು. ಆಮೇಲೆ ಬದುಕೆಲ್ಲ ರೈಲ್ವೆಯಲ್ಲಿ ಕಳೆಯಿತು. ಹಾಗಾಗಿ ಒಂದು ಊರು ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸುವಾಗ ನಾನು ಮೊದಲು ನೋಡುವುದು ಅಲ್ಲಿ ಗಡಿಯಾರಕ್ಕೆ ಮರ್ಯಾದೆ ಇದೆಯೋ ಇಲ್ಲವೋ ಎಂದು.

ಕಿಗಾಲಿ, ಇಳಿದ ಹೊತ್ತು

ರುವಾಂಡಾದಲ್ಲಿ ಪ್ಲಾಸ್ಟಿಕ್ ಕವರ್‌ಗೆ ಪ್ರವೇಶವಿಲ್ಲ. ಈ ವಿಷಯ ಸವಿತಾ ಫೋನಿನಲ್ಲಿ ಹೇಳಿದ್ದಳಂತೆ, ಗಿರಿಜಮ್ಮ ಕೇಳಿಸಿಕೊಂಡಿರಲಿಲ್ಲ. ನಿಲ್ದಾಣದಲ್ಲಿ ಕೈಗವಸು ಹಾಕಿಕೊಂಡ ಹೆಣ್ಣುಮಗಳೊಬ್ಬಳು ನಮ್ಮ ಪೆಟ್ಟಿಗೆ ತೆರೆಸಿ, ಬಹಳ ಮರ್ಯಾದೆಯಿಂದ, ಒಂದೊಂದೇ ಕವರನ್ನು ಹೊರಗೆ ತೆಗೆಯತೊಡಗಿದಳು. ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು, ಹುರಿದ ಕಡಲೆಕಾಯಿ. ತಿಂಡಿ ನೀವೇ ಇಟ್ಟುಕೊಳ್ಳಿ, ಕವರ್ ಮಾತ್ರ ಕೊಡಿ ಎಂದಳು.

"ಕವರ್ ಕೊಟ್ಬಿಟ್ಟು ಪುಡೀನ ಎಲ್ಲಿಗೆ ಸುರೀಲಿ, ನನ್ ತಲೆಗಾ?" ಎಂದು ಗಿರಿಜಮ್ಮ ನನ್ನನ್ನು ಕೇಳಿದಳು.

ಕೊನೆಗೆ ಚಟ್ನಿಪುಡಿ ನನ್ನ ಪಂಚೆಗೆ ಹೋಯಿತು, ನಿಪ್ಪಟ್ಟು ಟವೆಲ್ಲಿಗೆ. ಆ ಪಂಚೆ ಮೂರು ವಾರವೂ ಬೆಳ್ಳುಳ್ಳಿ ನಾರುತ್ತಿತ್ತು. ಆದರೂ ಹೊರಗೆ ಬಂದು ರಸ್ತೆ ನೋಡಿದಾಗ ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ಗುಡ್ಡಗಳ ಮೇಲೆ ಹರಡಿದ ಊರು; ಎಲ್ಲೂ ಒಂದು ಚೂರು ಕಸವಿಲ್ಲ. ಬಾಡಿಗೆಗೆ ಓಡುವ ಬೈಕುಗಳಲ್ಲಿ ಹಿಂದೆ ಕೂತವನಿಗೂ ಹೆಲ್ಮೆಟ್. ನಮ್ಮ ಬಿ.ಎಚ್. ರಸ್ತೆಯಲ್ಲಿ ಮೂವರು ಕೂತು ಹೋಗುವ ಬೈಕುಗಳು ನೆನಪಾದವು.

ಮರುದಿನ ಸಂಜೆ ತಿರುಗಾಡಲು ಹೋದಾಗ ಗಿರಿಜಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಕಡಲೆಕಾಯಿ ತಿನ್ನುತ್ತ ನಡೆದಳು. ಎದುರಿಗೆ ಬಂದವರೆಲ್ಲ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು. ಮನೆಗೆ ಬಂದು ಹೇಳಿದೆವು. ಸವಿತಾ ನಕ್ಕಳು.

"ಇಲ್ಲಿ ರಸ್ತೇಲಿ ತಿನ್ನಲ್ಲ ಅತ್ತೆ."

"ಯಾಕೆ, ಪೊಲೀಸ್ನೋರು ಹಿಡೀತಾರಾ?"

"ಇಲ್ಲ. ಎದುರಿಗೆ ಬರೋರಲ್ಲಿ ಯಾರಾದ್ರೂ ಹಸಿದಿರಬಹುದು, ಅವ್ರ ಕಣ್ಣೆದುರಿಗೆ ತಿನ್ನಬಾರ್ದು ಅಂತ."

ಗಿರಿಜಮ್ಮ ಮಿಕ್ಕ ಕಡಲೆಕಾಯಿಯನ್ನು ಡಬ್ಬಿಗೆ ಸುರಿದು ಮುಚ್ಚಿಟ್ಟಳು. ಮತ್ತೆ ಹೊರಗೆ ಒಯ್ಯಲಿಲ್ಲ.

ಶನಿವಾರ, ಚರಂಡಿ

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಇಲ್ಲಿ ಅಂಗಡಿ ತೆರೆಯುವುದಿಲ್ಲ, ಬಸ್ಸು ಓಡುವುದಿಲ್ಲ. ಪ್ರತಿ ಮನೆಯಿಂದ ಜನ ಗುದ್ದಲಿ, ಪೊರಕೆ ಹಿಡಿದು ಬೀದಿಗೆ ಬರುತ್ತಾರೆ. ಬಡಾವಣೆಯ ಕೆಲಸವನ್ನು ಬಡಾವಣೆಯವರೇ ಮಾಡುತ್ತಾರೆ. ಕೇಳಿದ ಕೂಡಲೇ ನಾನು ಪ್ಯಾಂಟು ಮಡಚಿದೆ. ಗಿರಿಜಮ್ಮನೂ ಸೀರೆ ಎತ್ತಿ ಕಟ್ಟಿದಳು.

ನಮ್ಮ ಜೊತೆಗೆ ಇಬ್ಬರು ಬಂದರು. ಒಬ್ಬರು ಸವಿತಾ ಬಾಡಿಗೆಗಿದ್ದ ಮನೆಯ ಒಡತಿ ವೆಸ್ಟೀನ್. ಕೆಳಗಿನ ಮನೆಯಲ್ಲಿ ಇರುವವರು, ಶಾಲೆಯಲ್ಲಿ ಗಣಿತ ಹೇಳುತ್ತಾರೆ, ನಲವತ್ತು ದಾಟಿದ ವಯಸ್ಸು. ಇನ್ನೊಬ್ಬರು ಪಕ್ಕದ ಕೋಣೆಯ ಬಾಡಿಗೆದಾರರು, ಸುಡಾನ್ ದೇಶದ ಆಮ್ನಾ. ಅಲ್ಲಿ ಯುದ್ಧ ಶುರುವಾಗಿ ಕಾಲೇಜು ಮುಚ್ಚಿದ ಮೇಲೆ ವಿದ್ಯಾರ್ಥಿಗಳ ಜೊತೆ ಇಲ್ಲಿಗೆ ಬಂದು, ಸವಿತಾಳ ಕಾಲೇಜಿನಲ್ಲಿಯೇ ಪಾಠ ಮಾಡುತ್ತಿದ್ದಾರೆ.

ಚರಂಡಿಯ ಹೂಳು ಎತ್ತುವ ಕೆಲಸ. ಜನ ಅಲ್ಲೊಬ್ಬರು ಇಲ್ಲೊಬ್ಬರು ಬಗ್ಗಿ ಬುಟ್ಟಿ ಹೊತ್ತು ಓಡಾಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಕೈಸನ್ನೆ ಮಾಡಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬುಟ್ಟಿ ಕೈಯಿಂದ ಕೈಗೆ ದಾಟುವಂತೆ ಮಾಡಿದೆ. ಕೆಲಸ ಬೇಗ ಮುಗಿಯಿತು.

"ರಿಟೈರ್ ಆಗಿದೀರಿ ಅಂತ ಇವ್ರಿಗೆ ಯಾರಾದ್ರೂ ಹೇಳ್ರೇ," ಎಂದಳು ಗಿರಿಜಮ್ಮ.

ಕೈ ತೊಳೆಯುತ್ತ ನಾನು ವೆಸ್ಟೀನ್ ಅವರಿಗೆ ಹೇಳಿದೆ: ಇಂಥ ಶಿಸ್ತನ್ನು ನಾನು ಬೇರೆಲ್ಲೂ ನೋಡಿಲ್ಲ, ಶಿಸ್ತಿರುವ ಜನರಿಗೆ ಕೆಟ್ಟದ್ದಾಗುವುದಿಲ್ಲ.

ಅವರು ಟವೆಲ್ ಕೊಟ್ಟು, ನಿಧಾನವಾಗಿ ಹೇಳಿದರು. "ತೊಂಬತ್ತನಾಲ್ಕರಲ್ಲೂ ಶಿಸ್ತಿತ್ತು. ನಮ್ಮನ್ನು ಕೊಲ್ಲಲು ಬರುತ್ತಿದ್ದವರು ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಸಂಜೆ ಮನೆಗೆ ಹೋಗುತ್ತಿದ್ದರು. ಅದನ್ನು ಅವರು ಕೆಲಸ ಎಂದೇ ಕರೆಯುತ್ತಿದ್ದರು."

ನಾನು ಟವೆಲ್ ಹಿಡಿದುಕೊಂಡೇ ನಿಂತೆ. ತೊಂಬತ್ತನಾಲ್ಕರಲ್ಲಿ ಈ ದೇಶದಲ್ಲಿ ಒಂದು ಸಮುದಾಯದವರನ್ನು ಹುಡುಕಿ ಹುಡುಕಿ ಕೊಂದದ್ದು ನನಗೆ ಪತ್ರಿಕೆಯ ಸುದ್ದಿಯಾಗಿ ಗೊತ್ತಿತ್ತು. ಅದರಿಂದ ಉಳಿದುಬಂದವರೊಬ್ಬರ ಮನೆಯಲ್ಲಿ ನಾವು ಇಳಿದುಕೊಂಡಿದ್ದೇವೆ ಎಂದು ಗೊತ್ತಿರಲಿಲ್ಲ.

"ಊಟಕ್ಕೆ ಬನ್ನಿ," ಎಂದರು ವೆಸ್ಟೀನ್. "ಎಲ್ಲರೂ."

ಅದೇ ಶನಿವಾರ, ಊಟದ ಮೇಜು

ಬೇಯಿಸಿದ ಬಾಳೆಕಾಯಿ, ಹುರುಳಿಕಾಯಿ ಬೀಜದ ಸಾರು, ಅನ್ನ. ಗಿರಿಜಮ್ಮ ತನ್ನ ಪಾಲಿನದು ಎಂದು ಚಟ್ನಿಪುಡಿ ತಂದಿದ್ದಳು. ಸವಿತಾ ಊರುಗೋಲು ಹಿಡಿದು ಇಳಿದುಬಂದು, ಅತ್ತೆಗೆ ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತ ಕೂತಳು.

ಆಮ್ನಾ ಅವರ ತಟ್ಟೆಯ ಪಕ್ಕದಲ್ಲಿ ಅವರ ಫೋನು ಇತ್ತು. ತುತ್ತು ತುತ್ತಿಗೂ ಅದನ್ನು ನೋಡುತ್ತಿದ್ದರು. ಊಟಕ್ಕೆ ಕೂತಾಗ ಫೋನು ನೋಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಮುಖ ನೋಡಿ ಸವಿತಾ ಮೆಲ್ಲಗೆ ಹೇಳಿದಳು: "ಮಾವ, ಅವ್ರ ತಾಯಿ ಮೆಸೇಜ್ ಬರೋ ದಿನ ಇವತ್ತು."

ತಾಯಿ ಇರುವುದು ಸುಡಾನಿನ ದಾರ್ಫುರ್ ಪ್ರಾಂತದ ಒಂದು ಊರಿನಲ್ಲಿ. ಆ ಊರಿಗೆ ಮುತ್ತಿಗೆ ಬಿದ್ದು ವರ್ಷ ದಾಟಿದೆ. ಶಸ್ತ್ರ ಹಿಡಿದವರು ದಾರಿಗಳನ್ನು ಮುಚ್ಚಿದ್ದಾರೆ. ಧಾನ್ಯದ ಲಾರಿ ಒಳಗೆ ಹೋಗುವಂತಿಲ್ಲ, ಜನ ಹೊರಗೆ ಬರುವಂತಿಲ್ಲ. ಉಪಗ್ರಹದಿಂದ ಇಂಟರ್‌ನೆಟ್ ಸಿಗುವ ಒಂದು ಅಂಗಡಿಯಿದೆ. ಶನಿವಾರ ಅಲ್ಲಿಗೆ ನಡೆದುಹೋಗಿ ತಾಯಿ ಮಗಳಿಗೆ ತಮ್ಮ ಧ್ವನಿ ಕಳಿಸುತ್ತಾರೆ. ಬಂದರೆ ಇದ್ದಾರೆ ಎಂದು ಅರ್ಥ.

ಸಮಾಧಾನ ಹೇಳಬೇಕು ಅನ್ನಿಸಿತು. ನನಗೆ ಗೊತ್ತಿದ್ದ ಒಂದೇ ಸುಡಾನಿನ ಸುದ್ದಿಯನ್ನು ಹೇಳಿದೆ. ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಲು ಹೋದವರು. ದಾರ್ಫುರ್‌ನಲ್ಲೂ ಇದ್ದರು. ನಮ್ಮ ಸರ್ಕಾರ ಬಸ್ಸು, ಹಡಗು, ವಿಮಾನ ಎಲ್ಲ ಹೂಡಿ ಕರೆತಂದಿತು. "ನಮ್ಮದು ಈಗ ದೊಡ್ಡ ದೇಶ. ನಮ್ಮವರನ್ನು ನಾವು ಬಿಟ್ಟು ಬರುವುದಿಲ್ಲ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ವೆಸ್ಟೀನ್ ಚಮಚ ಕೆಳಗಿಟ್ಟರು.

"ನನಗೆ ಆಗ ಹತ್ತು ವರ್ಷ," ಎಂದರು. "ಒಂದು ಶಾಲೆಯ ಅಂಗಳದಲ್ಲಿ ಸೇರಿದ್ದೆವು. ವಿದೇಶಿ ಸೈನಿಕರು ಕಾವಲಿದ್ದರು. ಅವರಿರುವವರೆಗೆ ಕೊಲ್ಲುವವರು ಗೇಟಿನ ಹೊರಗೇ ಕೂತಿದ್ದರು. ಒಂದು ದಿನ ಲಾರಿಗಳು ಬಂದವು. ನಮಗೆ ಖುಷಿ. ಆದರೆ ಹತ್ತಿಸಿಕೊಂಡದ್ದು ವಿದೇಶಿಯರನ್ನು ಮಾತ್ರ. ಒಬ್ಬಾಕೆ ತನ್ನ ಹೊಲಿಗೆ ಯಂತ್ರವನ್ನೂ ಹೇರಿಸಿದಳು. ಅದಕ್ಕೆ ಜಾಗವಿತ್ತು. ಆಮೇಲೆ ಸೈನಿಕರೂ ಹೊರಟರು. ಅವರ ಸರ್ಕಾರಗಳೂ ಹೀಗೇ ಹೇಳಿರಬೇಕು, ನಮ್ಮವರನ್ನು ನಾವು ಬಿಟ್ಟು ಬರಲಿಲ್ಲ ಎಂದು."

ಅಂಗಳದಲ್ಲಿ ಉಳಿದವರಿಗೆ ಏನಾಯಿತೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ. ಸವಿತಾ ಕನ್ನಡದಲ್ಲಿ ಹೇಳಿ ಮುಗಿಸಿದಾಗ ಗಿರಿಜಮ್ಮ ನನ್ನ ಕಡೆ ನೋಡದೆ, "ನಿಮಗ್ಯಾಕ್ ಬೇಕಿತ್ತು ಈ ಮಾತು," ಎಂದಳು.

ನಾನು ಕ್ಷಮೆ ಕೇಳಲು ಹೊರಟೆ. ಆಮ್ನಾ ತಡೆದರು.

"ಬೇಡ. ಎಣ್ಣೆ ಮಾರುವ ನಿಮ್ಮವರು ನಮ್ಮ ಅಮ್ಮನ ಬೀದಿಯಲ್ಲೇ ಬಾಡಿಗೆಗಿದ್ದರು. ಗುಂಡು ಹಾರತೊಡಗಿದಾಗ ಅಮ್ಮ ಅವರಿಗೆ ಜೋಳದ ಗಂಜಿ ಮಾಡಿ ಕೊಟ್ಟಿದ್ದಳು. ಬಸ್ಸು ಬಂದ ದಿನ ಅವರು ತಮ್ಮ ಪಾತ್ರೆಗಳನ್ನೆಲ್ಲ ಅಮ್ಮನಿಗೇ ಬಿಟ್ಟು ಹೋದರು. ಅವರು ಬದುಕಿದ್ದು ಅಮ್ಮನಿಗೆ ಬಹಳ ಸಂತೋಷ. ನನಗೂ. ಆದರೆ ಆ ದಿನ ನಾನು ಒಂದು ವಿಷಯ ಕಲಿತೆ. ಆ ಬಸ್ಸಿಗೆ ದಾರಿ ತೆರೆದಿತ್ತು. ಕಾದಾಡುತ್ತಿದ್ದ ಎರಡೂ ಕಡೆಯವರು ಬಂದೂಕು ಕೆಳಗಿಟ್ಟು ಪಕ್ಕಕ್ಕೆ ನಿಂತಿದ್ದರು. ದೊಡ್ಡ ಸರ್ಕಾರಗಳು ಕೇಳಿದರೆ ದಾರಿ ತೆರೆಯುತ್ತದೆ. ತೆರೆಯಲು ಬರುವುದಿಲ್ಲ ಎಂದು ಇನ್ನು ಯಾರೂ ನನಗೆ ಹೇಳುವಂತಿಲ್ಲ."

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಆಮ್ನಾ ಅದನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದರು. ಆಮೇಲೆ ಮೇಜಿನ ಮೇಲಿಟ್ಟು ನಮಗೂ ಕೇಳಿಸಿದರು. ಮುದುಕಿಯ ಸಣ್ಣ ಧ್ವನಿ, ಅರಬ್ಬಿ ಭಾಷೆ. ಮಧ್ಯದಲ್ಲಿ ಒಮ್ಮೆ ನಕ್ಕಂತೆ ಕೇಳಿತು.

ಸವಿತಾ ಆಮ್ನಾ ಅವರನ್ನು ಕೇಳಿ ತಿಳಿದುಕೊಂಡು ಹೇಳಿದಳು. "ಚೆನ್ನಾಗಿದೀನಿ, ನೀನು ಊಟ ಬಿಡಬೇಡ ಅಂತಿದಾರೆ. ಈ ವಾರ ಊಟಕ್ಕೆ ಒಂದು ಚೀಲ ಸಿಕ್ತಂತೆ. ಅದೇನೋ... ಕಡ್ಲೇಕಾಯಿ ಎಣ್ಣೆ ತೆಗೆದ್ಮೇಲೆ ಗಾಣದಲ್ಲಿ ಉಳಿಯುತ್ತಲ್ಲ ಅತ್ತೆ?"

"ಹಿಂಡಿನಾ?" ಎಂದಳು ಗಿರಿಜಮ್ಮ.

"ಹೂಂ. ಅದನ್ನ ನೀರಲ್ಲಿ ನೆನಸಿ ತಿಂತಿದಾರಂತೆ."

"ಹಿಂಡಿ ದನಕ್ಕೆ ಇಡೋದು ಕಣೇ."

ಆ ಮಾತನ್ನು ಆಮ್ನಾ ಅವರಿಗೆ ಯಾರೂ ಇಂಗ್ಲಿಷಿಗೆ ಮಾಡಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗಿರಿಜಮ್ಮ ಎದ್ದು ಹೋಗಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ತಿನ್ನುವವರೆಗೂ ಪಕ್ಕದಲ್ಲೇ ನಿಂತಳು.

ನಾನು ಹೇಳಿದೆ: ರೈಲ್ವೆಯಲ್ಲಿ ನಮಗೆ ಮೊದಲು ಕಲಿಸುವ ಪಾಠ ಒಂದಿದೆ. ಹಳಿಯ ಮೇಲೆ ಅಪಾಯ ಕಂಡವನು ಮೊದಲು ಕೆಂಪು ಬಾವುಟ ತೋರಿಸಿ ಗಾಡಿ ನಿಲ್ಲಿಸಬೇಕು. ಅದು ಯಾರ ಸೆಕ್ಷನ್ನು, ಯಾರ ಗಾಡಿ, ಯಾರ ತಪ್ಪು ಎಂಬ ವಿಚಾರಣೆ ಆಮೇಲೆ. ನನ್ನ ಡ್ಯೂಟಿ ಮುಗಿದಿತ್ತು ಎಂದವನನ್ನು ಯಾವ ವಿಚಾರಣೆಯೂ ಬಿಡುವುದಿಲ್ಲ. ಅಮೆರಿಕ, ಇಂಗ್ಲೆಂಡ್, ಅಂಥ ಶಕ್ತಿಯಿರುವ ಸರ್ಕಾರಗಳು ಕಣ್ಣಾರೆ ಕಂಡೂ ಬಾವುಟ ಎತ್ತದಿದ್ದರೆ ಅದು ಅಪರಾಧವೇ.

"ನಿಮ್ಮ ಸರ್ಕಾರ ಏನು ಹೇಳಿದೆ?" ಎಂದು ಆಮ್ನಾ ಕೇಳಿದರು.

ನನಗೆ ಗೊತ್ತಿರಲಿಲ್ಲ. ಏನಾದರೂ ಹೇಳಿರಬಹುದು, ಏನಾದರೂ ಕಳಿಸಿಯೂ ಇರಬಹುದು. ದಿನಕ್ಕೆ ಎರಡು ಪತ್ರಿಕೆ ಓದುವ ನಾನು ಅದನ್ನು ಒಂದು ದಿನವೂ ಹುಡುಕಿರಲಿಲ್ಲ. ಶಕ್ತಿಯಿರುವ ಸರ್ಕಾರ ಎಂದರೆ ಯಾವಾಗಲೂ ಬೇರೆಯವರದು ಎಂದುಕೊಂಡಿದ್ದೆ.

"ದೊಡ್ಡ ದೇಶ ಎಂದು ಈಗ ನೀವೇ ಹೇಳಿದಿರಿ," ಎಂದರು ಅವರು. ದನಿಯಲ್ಲಿ ಚುಚ್ಚು ಇರಲಿಲ್ಲ. "ನನಗೆ ಹಣ ಬೇಡ. ಊರಿಗೆ ಹೋದ ಮೇಲೆ ಕೇಳಿ. ಧಾನ್ಯಕ್ಕೆ ದಾರಿ ಬಿಡಿಸಲು ನೀವು ಏನು ಮಾಡಿದಿರಿ ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾಗದೆ ಯಾವ ಸರ್ಕಾರವೂ ಕದಲುವುದಿಲ್ಲ. ಕೇಳಿ, ಏನಾಯಿತೆಂದು ನನಗೆ ಹೇಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಗುಡ್ಡದ ಮೇಲಿನ ಸ್ಮಾರಕ

ಹೊರಡುವ ಮೊದಲು ವೆಸ್ಟೀನ್ ನಮ್ಮನ್ನು ತೊಂಬತ್ತನಾಲ್ಕರಲ್ಲಿ ಸತ್ತವರ ಸ್ಮಾರಕಕ್ಕೆ ಕರೆದೊಯ್ದರು. ಹುಲ್ಲಿನ ಮೇಲೆ ಕಾಲಿಟ್ಟೆನೆಂದು ಕಾವಲಿನವನು ಸೀಟಿ ಊದಿದ. ಸಾಮಾನ್ಯವಾಗಿ ಸೀಟಿ ಊದುವವನು ನಾನು.

ಒಳಗೆ ಕಂಡದ್ದನ್ನೆಲ್ಲ ಬರೆಯಲಾರೆ. ಮಕ್ಕಳ ಫೋಟೋಗಳ ಕೋಣೆಯಲ್ಲಿ ಗಿರಿಜಮ್ಮ ಗೋಡೆ ಹಿಡಿದು ನಿಂತುಬಿಟ್ಟಳು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ವೆಸ್ಟೀನ್ ಒಂದು ಮಾತು ಹೇಳಿದರು. ಇಲ್ಲಿ ಕೊಲೆ ನಡೆಯುತ್ತಿದ್ದ ವಾರಗಳಲ್ಲಿ ದೂರದ ದೊಡ್ಡ ರಾಜಧಾನಿಗಳಲ್ಲಿ ಇದನ್ನು ನರಮೇಧ ಎಂದು ಕರೆಯಬೇಕೋ ಬೇಡವೋ ಎಂದು ಅಳೆದು ಸುರಿಯುತ್ತಿದ್ದರಂತೆ. ಹಾಗೆ ಕರೆದರೆ ಏನಾದರೂ ಮಾಡಬೇಕಾಗುತ್ತದೆ ಎಂಬ ಹೆದರಿಕೆ.

ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ನಾನು ವರ್ಷಗಟ್ಟಲೆ ಬಡಿಸಿದ್ದೇನೆ. ಕೂತವನ ಹೆಸರು, ಊರು, ಕುಲ ಕೇಳಿ ಬಡಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಹಸಿವಿಗೆ ಹೆಸರಿಟ್ಟ ಮೇಲೆಯೇ ಅನ್ನ ಎಂದಿದ್ದರೆ ನನ್ನಂಥವರು ಎಷ್ಟು ಜನ ಉಳಿಯುತ್ತಿದ್ದೆವೋ.

ತುಮಕೂರು

ಜುಲೈ ತಿಂಗಳು, ಸೋಮವಾರ. ನಾವು ಊರಿಗೆ ಬಂದ ಮೇಲೆ ಸವಿತಾ ಫೋನು ಮಾಡಿದ್ದಳು: ಎರಡು ಶನಿವಾರದಿಂದ ಆಮ್ನಾ ಅವರ ತಾಯಿಯಿಂದ ಏನೂ ಬಂದಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮ ಲೋಕಸಭಾ ಸದಸ್ಯರು ಜನರನ್ನು ಕಾಣುವ ಕಚೇರಿಗೆ ಹೊರಟೆ. ಅನ್ವರ್ ಪಾಷಾ ಕಾರು ತಂದ. ಗುಬ್ಬಿಯಿಂದ ತುಮಕೂರಿನವರೆಗೆ ನಾನು ಎಲ್ಲ ಹೇಳಿದೆ.

"ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ," ಎಂದ ಅವನು. "ಕಾಪಾಡ್ತೀವಿ ಅಂತ ಹೋದ ದೊಡ್ಡ ದೇಶದೋರು ಅಲ್ಲೇ ಕಾಲು ಚಾಚಿ ಕೂತ್ಕಂಡಿರೋದು ನೋಡಿಲ್ವಾ? ನೆಲದಲ್ಲಿ ಎಣ್ಣೆ ಇದ್ರೆ ಕರುಣೆ ಬೇಗ ಉಕ್ಕುತ್ತೆ."

ಅವನ ಮಾತು ಸುಳ್ಳಲ್ಲ. ನಾನು ಸ್ವಲ್ಪ ಯೋಚಿಸಿ ಹೇಳಿದೆ. "ಕೆಂಪು ಬಾವುಟ ತೋರಿಸ್ದವ್ನು ಇಂಜಿನ್ ಹತ್ತಿ ಕೂತ್ಕೊಬೇಕು ಅಂತ ರೂಲ್ ಇಲ್ಲ ಅನ್ವರ್. ನಿಲ್ಸೋದಷ್ಟೇ. ಅವ್ರು ಕೇಳ್ತಿರೋದು ಜೋಳದ ಲಾರಿಗೆ ದಾರಿ."

"ಅದಾದ್ರೆ ಸರಿ."

"ನೀನೂ ಒಳಗೆ ಬಂದು ಒಂದು ಮಾತು ಹೇಳು."

"ನಮ್ ಕುಣಿಗಲ್ ಎಂಪಿ ಬೇರೆ. ಇಲ್ಲಿ ನಾನು ಬರೀ ಡ್ರೈವರು."

ಸದಸ್ಯರು ದೆಹಲಿಗೆ ಹೋಗಿದ್ದರು. ಅವರ ಪರವಾಗಿ ಆಪ್ತ ಸಹಾಯಕರು ಜನರ ಅಹವಾಲು ಕೇಳುತ್ತಿದ್ದರು. ಚುರುಕು ಮನುಷ್ಯ, ಎಲ್ಲರಿಗೂ ಕುರ್ಚಿ ಕೊಡಿಸಿದರು. ನನ್ನ ಮುಂದಿದ್ದವರದು ಬೋರ್‌ವೆಲ್, ಪಿಂಚಣಿ, ಹಿರೇಹಳ್ಳಿಯ ಕಾರ್ಖಾನೆಯ ಹೊಗೆ. ನನ್ನ ಸರದಿ ಬಂತು. ಎದ್ದು ನಿಂತು, ಊರಿನ ಮುತ್ತಿಗೆಯಿಂದ ಆ ತಾಯಿ ತಿನ್ನುವ ಹಿಂಡಿಯವರೆಗೆ ಎಲ್ಲ ಹೇಳಿದೆ.

ಅವರು ಪೆನ್ನು ಎತ್ತಿ ಹಾಗೇ ಹಿಡಿದರು. "ಸುಡಾನಾ ಸಾರ್? ನಮ್ಮೋರು ಯಾರಾದ್ರೂ ಇನ್ನೂ ಅಲ್ಲಿ ಸಿಕ್ಕಾಕೊಂಡಿದಾರಾ? ಇದ್ರೆ ಹೇಳಿ, ಇವತ್ತೇ ವಿದೇಶಾಂಗ ಇಲಾಖೆಗೆ ಮಾತಾಡ್ತೀವಿ."

"ನಮ್ಮೋರು ಯಾರೂ ಇಲ್ಲ. ಆ ಊರಿನೋರು."

"ಆ ತಾಯಿ ನಿಮಗೇನಾಗ್ಬೇಕು?"

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಹೊರದೇಶದ ಅರ್ಜಿ ಬಂದರೆ ಕೇಳಬೇಕಾದ ಪ್ರಶ್ನೆ ಅದು. ಆದರೆ ನನಗೆ ವೆಸ್ಟೀನ್ ಹೇಳಿದ ಲಾರಿ ಕಣ್ಣ ಮುಂದೆ ಬಂತು. ಹತ್ತಿಸಿಕೊಳ್ಳುವವರು ಅಲ್ಲಿಯೂ ಇದನ್ನೇ ಕೇಳಿರಬೇಕು.

"ಏನೂ ಆಗ್ಬೇಕಾಗಿಲ್ಲ," ಎಂದೆ. "ಆಗಿದ್ರೆ ನೀವು ಮಾಡೇ ಮಾಡ್ತಿದ್ರಿ, ನಾನು ಹೇಳೋ ಅವಶ್ಯಕತೆನೇ ಇರ್ತಿರಲಿಲ್ಲ. ಏನೂ ಆಗದೇ ಇರೋರಿಗೋಸ್ಕರ ನಮ್ ಸರ್ಕಾರ ಏನ್ ಮಾಡ್ತಿದೆ ಅಂತ ಕೇಳಕ್ಕೆ ಬಂದೆ."

ಹಿಂದಿನ ಬೆಂಚಿನಲ್ಲಿ ಬೆಳ್ಳಾವಿ ಕಡೆಯ ಇಬ್ಬರು ರೈತರು ತಮ್ಮ ಸರದಿ ಕಾಯುತ್ತಿದ್ದರು.

"ಯಾರ್ಗಂತೆ?" ಎಂದ ಒಬ್ಬ.

"ಯಾವ್ದೋ ದೇಸದ ಮುದುಕಿಗಂತೆ ಕಣ್ಲಾ."

"ಏನಾಗೈತಂತೆ?"

"ಉಣ್ಣಕ್ಕಿಲ್ವಂತೆ. ಹಿಂಡಿ ನೆನ್ಸಿ ತಿಂತವ್ರಂತೆ."

ಮೊದಲನೆಯವನು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಆಮೇಲೆ ಸಹಾಯಕರಿಗೆ ಕೇಳುವಂತೆ ಹೇಳಿದ. "ಬರ್ಕಳಿ ಸಾಮಿ ಅವ್ರುದ್ನ. ನಮ್ದು ಚರಂಡಿ, ನಾಳಿಕ್ಕಾದ್ರೂ ಆಯ್ತದೆ."

ಸಹಾಯಕರು ಬರೆದುಕೊಂಡರು. ಊರಿನ ಹೆಸರನ್ನು ನನ್ನಿಂದ ಒಂದೊಂದೇ ಅಕ್ಷರವಾಗಿ ಹೇಳಿಸಿಕೊಂಡರು. "ಸಾಹೇಬ್ರ ಮುಂದೆ ಇಡ್ತೀನಿ. ಪಾರ್ಲಿಮೆಂಟಲ್ಲಿ ಪ್ರಶ್ನೆ ಕೇಳೋ ಅವಕಾಶ ಇದೆ. ಕೇಳ್ತಾರೆ ಅಂತ ನಾನು ಮಾತು ಕೊಡಕ್ಕಾಗಲ್ಲ ಸಾರ್."

ಕೊಡಲಾಗದ ಮಾತನ್ನು ಕೊಡದ ಮನುಷ್ಯ. ಅಷ್ಟು ಸಾಕೆಂದು ಎದ್ದು ಬಂದೆ.

ಸಂಜೆ ಆರಕ್ಕೆ, ಸವಿತಾ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ. ಆಮ್ನಾ ಎತ್ತಿದರು. ತಾಯಿಯ ಸುದ್ದಿ ಕೇಳಿದೆ. ಇಲ್ಲ ಎಂದರು. "ನೀವು ಹೇಳಿ."

ನಡೆದದ್ದನ್ನು ಕ್ರಮವಾಗಿ ಹೇಳಿದೆ. ಏನನ್ನೂ ಸೇರಿಸಲಿಲ್ಲ. ಉತ್ತರ ಬರುತ್ತದೆಯೋ ಇಲ್ಲವೋ ತಿಳಿಯದು ಎಂದೂ ಹೇಳಿದೆ. ಚರಂಡಿಯ ರೈತನ ಮಾತು ಬಂದಾಗ ಅವರು, "ಅವನಿಗೆ ನನ್ನ ಅಮ್ಮ ಗೊತ್ತೇ ಇಲ್ಲವಲ್ಲ," ಎಂದರು.

"ನನಗೂ ಗೊತ್ತಿಲ್ಲ," ಎಂದೆ.

"ನಿಮ್ಮ ಊರುಗಳ ಹೆಸರನ್ನು ನಿಧಾನವಾಗಿ ಹೇಳಿ. ಅಮ್ಮನಿಗೆ ಕಳಿಸುತ್ತೇನೆ," ಎಂದರು.

"ಗುಬ್ಬಿ. ತುಮಕೂರು. ಬೆಳ್ಳಾವಿ."

ಎರಡು ಸಲ ಹೇಳಿಸಿಕೊಂಡರು. ಆ ಮೂರು ಹೆಸರು ಸೇರಿಸಿ ಇನ್ನೊಂದು ಫೋನಿನಲ್ಲಿ ಅರಬ್ಬಿಯಲ್ಲಿ ಏನೋ ಧ್ವನಿಮುದ್ರಿಸುವುದು ನನಗೆ ಕೇಳಿಸುತ್ತಿತ್ತು. ಮುಗಿಸಿ, ಕಳಿಸಿದರು. ತಾಯಿಯ ಫೋನಿಗೆ ತಲುಪಿದರೆ ಎರಡು ಟಿಕ್ ಬೀಳಬೇಕು. ನಾನು ಫೋನು ಇಡದೆ ಕಾಯುತ್ತಿದ್ದೆ.

"ಒಂದು ಟಿಕ್ ಬಿದ್ದಿದೆ," ಎಂದರು. "ಎರಡನೆಯದು ಇನ್ನೂ ಬಿದ್ದಿಲ್ಲ."